ಕೋಡಿ ಬೀಳುವ ಮುಂಚೆ: ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಮನೆ–ಅಂಗಡಿಗಳು ಮಾಡಿಟ್ಟುಕೊಳ್ಳಬೇಕಾದ ಸಿದ್ಧತೆ

2021ರ ನವೆಂಬರ್‌ನಲ್ಲಿ ನಮ್ಮ ಅಂಗಡಿಗೆ ನೀರು ನುಗ್ಗಿದಾಗ ರಾತ್ರಿ ಎರಡು ಗಂಟೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ನನ್ನ ಮಕ್ಕಳು ಅದುವರೆಗೂ ಕಂಡಿರಲಿಲ್ಲ. ಹಗಲೆಲ್ಲ ಊರಿಗೆ ಊರೇ ಕಟ್ಟೆ ಮೇಲಿತ್ತು. ಗಂಗಮ್ಮನಿಗೆ ಪೂಜೆ ಮಾಡಿ, ಬಾಗಿನ ಬಿಟ್ಟು ಬಂದಿದ್ದೆವು. ರಾತ್ರಿ ಅದೇ ನೀರು ಷಟರ್ ಕೆಳಗಿಂದ ಒಳಗೆ ಬಂತು. ನೆಲದ ಮೇಲಿದ್ದ ಅಕ್ಕಿ, ಸಕ್ಕರೆ, ರಾಗಿ ಹಿಟ್ಟಿನ ಮೂಟೆಗಳು ಹೋದವು, ಅದನ್ನು ಹೇಗೋ ತಡೆದುಕೊಂಡೆವು. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದ್ದ ಸಾಲದ ಪುಸ್ತಕವನ್ನು ಬೆಳಿಗ್ಗೆ ಬಿಡಿಸಿ ನೋಡಿದರೆ ಹಾಳೆ ಹಾಳೆಯೂ ನೀಲಿ. ಯಾರು ಎಷ್ಟು ಕೊಡಬೇಕೆಂಬ ಒಂದು ಸಾಲೂ ಓದುವಂತಿರಲಿಲ್ಲ.

ಎದುರು ಮನೆಯ ತಾತ ಬಂದು ನೋಡಿ ಒಂದು ಮಾತು ಹೇಳಿದರು: "ನಿಮ್ಮ ಅಂಗಡಿ ಇರೋದೇ ಕೋಡಿ ಕಾಲುವೆ ದಾರೀಲಿ ಕಣಪ್ಪ. ಹಿಂದುಗಡೆ ಲಕ್ಕಿ ಗಿಡ ಸಾಲಾಗಿ ಬೆಳೆದಿರೋದು ನೋಡಿಲ್ವಾ? ನೀರು ಹರಿದ ಕಡೆ ತಾನೇ ಲಕ್ಕಿ ಬೆಳೆಯೋದು." ಇಪ್ಪತ್ತು ವರ್ಷ ಆ ಗಿಡಗಳನ್ನು ನೋಡಿದ್ದೆ. ಅದರ ಅರ್ಥ ಮಾತ್ರ ತಿಳಿದಿರಲಿಲ್ಲ.

ನಮ್ಮದು ಬರದ ಸೀಮೆ. ಒಂದು ಬಿಂದಿಗೆ ನೀರನ್ನು ಹೇಗೆ ಉಳಿಸಬೇಕು, ಸಾವಿರ ಅಡಿ ಕೊರೆದ ಬೋರ್‌ವೆಲ್ ಬತ್ತಿದರೆ ಏನು ಮಾಡಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಹೆಚ್ಚಾದರೆ ಏನು ಮಾಡಬೇಕೆಂಬುದನ್ನು ಮಾತ್ರ ಒಂದು ತಲೆಮಾರು ಪೂರ್ತಿ ಮರೆತಿದೆ. ಜತೆಗೆ ಕೆರೆಗಳ ಸ್ಥಿತಿಯೂ ಮೊದಲಿನಂತಿಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ ನೀರು ಬರುತ್ತಿದೆ, ನಮ್ಮ ಕಡೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯಿಂದ ಮುಂದಕ್ಕೆ ಎಚ್.ಎನ್. ವ್ಯಾಲಿಯ ನೀರು. ಎರಡೂ ಬೆಂಗಳೂರಿನಲ್ಲಿ ಶುದ್ಧೀಕರಿಸಿ ಬಿಡುವ ಕೊಳಚೆ ನೀರು. ಅರ್ಧ ತುಂಬಿರುವ ಕೆರೆಗೆ ಹಿಂಗಾರು ಮಳೆ ಜೋರಾಗಿ ಬಿದ್ದರೆ, ಒಣಗಿದ ಕೆರೆಗಿಂತ ಬಹಳ ಬೇಗ ಕೋಡಿ ಬೀಳುತ್ತದೆ. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲ ಕೆಲಸ: ಊರ ಸುತ್ತ ಒಂದು ನಡಿಗೆ

ಚೀಲ, ಟಾರ್ಚು ಕೊಳ್ಳುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಕೆರೆಯಿಂದ ನಿಮ್ಮ ಮನೆಯವರೆಗೆ ನಡೆದು ಬನ್ನಿ. ಕೆರೆಯ ನೀರು ಬಿಡುವ ಕೆಲಸ ಮಾಡುತ್ತಿದ್ದ ನೀರಗಂಟಿಯ ಮನೆತನದವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರನ್ನು ಕೇಳಬೇಕಾದದ್ದು ಇಷ್ಟು: ಕೋಡಿ ಯಾವ ಕಡೆ? ಅಲ್ಲಿಂದ ರಾಜಕಾಲುವೆ ಎಲ್ಲಿ ಹಾದುಹೋಗುತ್ತಿತ್ತು? ಈಗ ಅದರ ಮೇಲೆ ಏನಿದೆ? ಮೇಲಿನ ಕೆರೆ ಯಾವುದು, ಅದು ತುಂಬಿದ ಮೇಲೆ ನಮ್ಮ ಕೆರೆಗೆ ನೀರು ಬರಲು ಎಷ್ಟು ಹೊತ್ತು ಬೇಕು? ನಮ್ಮ ಸೀಮೆಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿವೆ. ಮೇಲಿನ ಊರಿನಲ್ಲಿ ಒಬ್ಬ ನೆಂಟನ ಫೋನ್ ನಂಬರ್ ನಿಮ್ಮಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಮುನ್ಸೂಚನೆ ಇಲ್ಲ.

ಮಳೆಗಾಲದಲ್ಲಿ ಕಟ್ಟೆಯ ಹೊರಬುಡದಲ್ಲಿ ನೀರು ಜಿನುಗುತ್ತಿದ್ದರೆ ಒಂದು ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಕಣ್ಣಿಟ್ಟಿರಿ. ಕೆಂಪಗೆ, ಮಣ್ಣು ಮಣ್ಣಾಗಿದ್ದರೆ ಕಟ್ಟೆಯ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ. ಇಲಿ, ಹೆಗ್ಗಣ ತೋಡಿದ ಬಿಲ, ಬಿದ್ದ ಮರದ ಕೊಳೆತ ಬೇರು, ಹಳೆಯ ತೂಬಿನ ಸಂದು, ಇವೇ ಅದಕ್ಕೆ ದಾರಿ. ಅಂಥದ್ದು ಕಂಡ ಕೂಡಲೇ ಗ್ರಾಮ ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ತಿಳಿಸಿ, ಕೆಳಗಿನ ಬೀದಿಯವರನ್ನು ಎಬ್ಬಿಸಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಯದು. ನಿಮ್ಮ ಕೆರೆ ಯಾವ ಲೆಕ್ಕಕ್ಕೆ ಸೇರಿದ್ದೆಂದು ಬೇಸಿಗೆಯಲ್ಲೇ ತಿಳಿದುಕೊಂಡಿದ್ದರೆ ಮಳೆಯಲ್ಲಿ ಅಲೆಯುವುದು ತಪ್ಪುತ್ತದೆ.

ಹರಿಯುವ ನೀರನ್ನು ದಾಟುವ ವಿಷಯದಲ್ಲಿ ಯಾರ ಧೈರ್ಯದ ಮಾತನ್ನೂ ಕೇಳಬೇಡಿ. ರಭಸದ ನೀರು ಅರ್ಧ ಅಡಿ ಇದ್ದರೂ ಆಳನ್ನು ಬೀಳಿಸುತ್ತದೆ. ಎರಡು ಅಡಿ ಇದ್ದರೆ ಕಾರನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೋಡಿ ನೋಡಲು ಬಂದು ಸೆಲ್ಫಿ ತೆಗೆದುಕೊಳ್ಳುವ ಹುಡುಗರನ್ನು ಗದರಿಸಿಯಾದರೂ ಕಳಿಸಿ.

ಗೋಡೆಯನ್ನು ಓದಿ

ನಮ್ಮ ಕಡೆ ಮಳೆಗಾಲದಲ್ಲಿ ಜೀವಕ್ಕೆ ಹತ್ತಿರದ ಅಪಾಯ ಮಣ್ಣಿನ ಗೋಡೆ. ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ಹಳೆಯ ಮಾಳಿಗೆ ಮನೆಯ ಗೋಡೆ ಕೆಳಗಿನಿಂದ ನೀರು ಹೀರುತ್ತದೆ. ಅದು ಬೀಳುವುದು ಬಹುಪಾಲು ರಾತ್ರಿ, ಎಲ್ಲರೂ ಮಲಗಿದ್ದಾಗ.

ಸಂಜೆ ಬೆಳಕಿರುವಾಗಲೇ ಗೋಡೆಯ ಹತ್ತಿರ ಕೂತು ನೋಡಿ. ಬುಡದಿಂದ ತೇವ ಎಷ್ಟು ಮೇಲೆ ಬಂದಿದೆ ಎಂದು ಒಂದು ಇದ್ದಿಲ ಗೆರೆ ಎಳೆಯಿರಿ. ಮಾರನೆಯ ದಿನ ಆ ಗೆರೆ ದಾಟಿದ್ದರೆ ಗೋಡೆ ಇನ್ನೂ ನೀರು ಕುಡಿಯುತ್ತಿದೆ. ಅಂಗೈ ಸವರಿದರೆ ಹೊಟ್ಟೆ ಬಂದಂತೆ ಉಬ್ಬು ಸಿಗುತ್ತದೆಯೇ? ನಿನ್ನೆಯವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ಮೂಲೆಯ ಬಿರುಕು ಕೆಳಗೆ ಸಣ್ಣದು, ಮೇಲೆ ಅಗಲವೇ? ಸೂರಿನ ಕೆಳಗೆ ಸಣ್ಣಗೆ ಮಣ್ಣು ಉದುರುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ಕೋಣೆಯಲ್ಲಿ ಮಲಗಬೇಡಿ. ದನಕರುಗಳನ್ನೂ ಆ ಗೋಡೆಯ ಬದಿಯಿಂದ ಬಿಚ್ಚಿ ಬೇರೆ ಕಡೆ ಕಟ್ಟಿ. ಸರ್ಕಾರಿ ಶಾಲೆ, ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನು ಮೊದಲೇ ಕೇಳಿಟ್ಟುಕೊಂಡಿರಿ.

ಮಳೆಗೆ ಮುಂಚೆ ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಗೋಡೆಯ ಬುಡಕ್ಕೆ ಮಣ್ಣು ಏರಿಸಿ ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡಿ, ಸೂರಿನ ನೀರು ಗೋಡೆಗೆ ಸಿಡಿಯದಂತೆ ತಡೆಯಿರಿ, ಮಾಳಿಗೆಯ ಮೇಲಿನ ಹುಲ್ಲು ಕಿತ್ತು ನೀರು ಹೋಗುವ ದೋಣಿ ಬಿಡಿಸಿ. ಶೀಟಿನ ಮನೆಯವರು ಶೀಟಿನ ಮೇಲೆ ಕಲ್ಲು ಹೇರುವುದನ್ನು ಬಿಟ್ಟು ಕೊಕ್ಕೆ ಬೋಲ್ಟು ಹಾಕಿಸಿ. ಬಿರುಗಾಳಿಗೆ ಶೀಟು ಎದ್ದರೆ ಆ ಕಲ್ಲು ಬೀಳುವುದು ಒಳಗಿದ್ದವರ ತಲೆಯ ಮೇಲೆಯೇ.

ಒಂದು ಚೀಲ, ಒಂದು ಡಬ್ಬ

ಬಾಗಿಲ ಹತ್ತಿರ, ಕೈಗೆ ಸಿಗುವ ಗೂಟಕ್ಕೆ ಒಂದು ಚೀಲ ನೇತು ಹಾಕಿ. ಟಾರ್ಚು, ಪವರ್ ಬ್ಯಾಂಕು, ಬೆಂಕಿಪೊಟ್ಟಣ, ಒಂದು ಜತೆ ಬಟ್ಟೆ, ಮನೆಯವರು ದಿನಾ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆ ಒಂದು ವಾರಕ್ಕಾಗುವಷ್ಟು, ವಾಂತಿಭೇದಿಗೆ ಓ.ಆರ್.ಎಸ್. ಪೊಟ್ಟಣ, ಹುರಿಗಡಲೆ, ಬೆಲ್ಲ, ಒಂದಿಷ್ಟು ಚಿಲ್ಲರೆ ಹಣ ಅದರಲ್ಲಿರಲಿ. ಕರೆಂಟು ಹೋಗಿ ಟವರ್ ನಿಂತರೆ ಫೋನ್‌ಪೇ, ಗೂಗಲ್‌ಪೇ ನಡೆಯುವುದಿಲ್ಲ. ಆ ನವೆಂಬರ್‌ನಲ್ಲಿ ಅದನ್ನು ಕಣ್ಣಾರೆ ಕಂಡೆ. ಓ.ಆರ್.ಎಸ್. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಮಟ್ಟಸ ಚಮಚವೇ ಆಗಬೇಕು.

ಡಬ್ಬ ಕಾಗದಪತ್ರಕ್ಕೆ. ಪಹಣಿ, ಇ–ಸ್ವತ್ತು, ಪಡಿತರ ಚೀಟಿ, ಆಧಾರ್, ಪಾಸ್‌ಪುಸ್ತಕ, ಮಕ್ಕಳ ಅಂಕಪಟ್ಟಿ, ವಿಮೆ ಪಾಲಿಸಿ ಎಲ್ಲವನ್ನೂ ಜಿಪ್ ಕವರ್‌ಗೆ ಹಾಕಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಅಟ್ಟದ ಮೇಲಿಡಿ. ಟ್ರಂಕು ನೀರು ತಡೆಯುವುದಿಲ್ಲ. ಡಿಜಿಲಾಕರ್‌ನಲ್ಲಿ ಸಿಗುವುದನ್ನೆಲ್ಲ ಅಲ್ಲಿ ಇಳಿಸಿಟ್ಟುಕೊಳ್ಳಿ, ಉಳಿದದ್ದರ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಅಣ್ಣನಿಗೋ ಮಗಳಿಗೋ ಕಳಿಸಿಡಿ.

ಕುಡಿಯುವ ನೀರು

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದಿಟ್ಟುಕೊಳ್ಳಿ. ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಕರೆಂಟು ಹೋದರೆ ಊರಿನ ಶುದ್ಧ ನೀರಿನ ಘಟಕವೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ನೀರಿನ ಸಂಪಿನೊಳಕ್ಕೆ ಹೊರಗಿನ ನೀರು ನುಗ್ಗಿದ್ದರೆ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದ ಮೇಲೆಯೇ ಬಳಸಿ. ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ. ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ತಿಳಿಯಾದ 1000 ಲೀಟರ್ ನೀರಿಗೆ ಒಳ್ಳೆಯ ಪುಡಿಯಾದರೆ ಎರಡೂವರೆ ಗ್ರಾಂ, ಅಂದಾಜು ಅರ್ಧ ಟೀ ಚಮಚ ಸಾಕು. ಮಗ್ಗಿನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು ಒಂದು ಗಂಟೆ ಬಿಡಿ. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಬಿಟ್ಟ ಚೀಲದ ಪುಡಿಗೆ ಸತ್ವ ಇರುವುದಿಲ್ಲ. ಹುಳು ಮನೆಗೆ ತಂದ ಫಾರ್ಮಲಿನ್ ಕ್ಯಾನನ್ನು ಅದರ ಪಕ್ಕದಲ್ಲಿ ಇಡಲೇಬೇಡಿ. ಕಲಕಿದ ನೀರಾದರೆ ಮೊದಲು ನಾಲ್ಕು ಪದರ ಬಿಳಿ ಬಟ್ಟೆಯಲ್ಲಿ ಸೋಸಿ, ಕುಡಿಯುವುದನ್ನು ಚೆನ್ನಾಗಿ ಕುದಿಸಿ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಆದರೆ ಫ್ಲೋರೈಡ್ ತೊಂದರೆ ಕೊಡುವುದು ವರ್ಷಗಟ್ಟಲೆ ಕುಡಿದಾಗ, ವಾಂತಿಭೇದಿ ಒಂದೇ ದಿನದಲ್ಲಿ.

ಸಿಡಿಲು

ಭರಣಿ, ಕೃತ್ತಿಕೆ ಮಳೆಯ ಕಾಲದಲ್ಲಿ, ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ, ಮಧ್ಯಾಹ್ನದ ನಂತರ ಮೋಡ ಕಟ್ಟಿ ಗುಡುಗುವುದು ನಮಗೆಲ್ಲ ಗೊತ್ತು. ಆ ಹೊತ್ತಿಗೇ ತೋಟದಲ್ಲಿ ಆಳುಗಳಿರುತ್ತಾರೆ, ಕುರಿ ಕಾಯುವವರು ಗುಡ್ಡದ ಮೇಲಿರುತ್ತಾರೆ.

ಮಿಂಚು ಕಂಡ ಮೇಲೆ ಒಂದು, ಎರಡು ಎಂದು ಎಣಿಸಿ. ಮೂವತ್ತು ತಲುಪುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನೂ ಮುಟ್ಟುವಷ್ಟು ಹತ್ತಿರದಲ್ಲಿದೆ. ಕೆಲಸ ಬಿಟ್ಟು ಆರ್‌ಸಿಸಿ ಮನೆಯೊಳಗೆ ಹೋಗಿ. ಗಾಜು ಏರಿಸಿದ ಕಾರು, ಬಸ್ಸೂ ಆದೀತು. ಹುಣಸೆ ಮರ, ಹೊಂಗೆ ಮರದ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ದ್ರಾಕ್ಷಿ ಚಪ್ಪರದ ತಂತಿ, ಬೇಲಿ ತಂತಿ, ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬೇಡಿ. ದೂರದಲ್ಲಿ ಬಿದ್ದ ಸಿಡಿಲೂ ತಂತಿಯಲ್ಲಿ ಹರಿದು ಬರುತ್ತದೆ. ಬಯಲಿನಲ್ಲಿ ಸಿಕ್ಕಿಕೊಂಡರೆ ಗುಂಪು ಚದುರಿ, ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ. ನೆಲಕ್ಕೆ ಮಲಗಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆದ ಮೇಲೆಯೇ ಹೊರಗೆ ಬನ್ನಿ.

ಇನ್ನು ಈ ಮಾತನ್ನು ಮನೆಮಂದಿಗೆಲ್ಲ ಓದಿ ಹೇಳಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ಎರಡು ಇಂಚು ಆಳಕ್ಕೆ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಒಬ್ಬರು ದಣಿದರೆ ಇನ್ನೊಬ್ಬರು ಕೈ ಕೊಡಿ, 108 ಬರುವವರೆಗೆ ನಿಲ್ಲಿಸಬೇಡಿ. ಬಾಯಿಗೆ ನೀರು ಬಿಡುವುದು, ಮಣ್ಣು ಮುಚ್ಚುವುದು, ಸಗಣಿ ಮೆತ್ತುವುದು ಯಾವುದೂ ಬೇಡ. ಎದೆ ಒತ್ತಲು ಕಲಿತ ಒಬ್ಬರಾದರೂ ಪ್ರತಿ ಬೀದಿಯಲ್ಲಿ ಇರಲಿ.

ಮುನ್ಸೂಚನೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ಆ್ಯಪ್ ಬಾರದ ತಂದೆತಾಯಿಗೆ ವರುಣಮಿತ್ರ ಸಹಾಯವಾಣಿ 92433 45433 ಬರೆದುಕೊಡಿ. ಕರೆ ಮಾಡಿ ಊರಿನ ಹೆಸರು ಹೇಳಿದರೆ ಮಳೆಯ ಮಾಹಿತಿಯನ್ನು ಕನ್ನಡದಲ್ಲೇ ಕೊಡುತ್ತಾರೆ.

ಕಂಪನ, ಹಾವು, ಸಿಡಿಮದ್ದು

2021ರ ಡಿಸೆಂಬರ್ 22ರ ಬೆಳಿಗ್ಗೆ ಏಳರ ಹೊತ್ತಿಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಐದಾರು ನಿಮಿಷದ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳಾದವು. ಭಾರಿ ಮಳೆಯ ನಂತರ ಬಂಡೆಯ ಬಿರುಕುಗಳಿಗೆ ನೀರಿಳಿದಾಗ ಇಂಥ ಸಣ್ಣ ಕಂಪನ, ಭೂಮಿಯೊಳಗಿನ ಸದ್ದು ಉಂಟಾಗುವುದಿದೆ. ಅಷ್ಟರಿಂದ ಒಳ್ಳೆಯ ಮನೆ ಬೀಳದು. ಆದರೆ ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆಯವರು ಒಂದು ವಿಷಯ ಗಮನಿಸಬೇಕು. ಚಪ್ಪಡಿ ಗೋಡೆಯ ಮೇಲೆ ಕೂತಿರುವ ಜಾಗದ ನೇರ ಕೆಳಗೆ, ನೆಲದ ಮೇಲೆ ಹೊಸದಾಗಿ ಸುಣ್ಣದ ಪುಡಿ ಗೆರೆಯಾಗಿ ಉದುರಿದ್ದರೆ ಚಪ್ಪಡಿ ಜರುಗಿದೆ. ಮೇಸ್ತ್ರಿ ಬಂದು ನೋಡುವವರೆಗೆ ಅದರಡಿ ಮಲಗಬೇಡಿ. ಅಲುಗಾಟ ಶುರುವಾದಾಗ ಬಾಗಿಲು ಎರಡು ಹೆಜ್ಜೆ ದೂರದಲ್ಲಿದ್ದರೆ ಬಯಲಿಗೆ ಹೋಗಿ. ಇಲ್ಲವಾದರೆ ಗಟ್ಟಿ ಮೇಜಿನಡಿ ಸೇರಿ ತಲೆ ಕಾಪಾಡಿಕೊಳ್ಳಿ.

ನೀರು ಬಂದರೆ ಹಾವೂ ಮನೆ ಸೇರುತ್ತದೆ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡು ಹಾಕಬೇಡಿ, ಮದ್ದು ಹಾಕುವವರ ಬಳಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ, ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟು ಹಾವಿನ ಕಡಿತದಲ್ಲಿ ನೋವು, ಗಾಯದ ಗುರುತು ಅಷ್ಟಾಗಿ ಕಾಣುವುದಿಲ್ಲ. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದರೆ ಹಾವೆಂದೇ ತಿಳಿದು ಹೊರಡಿ.

ಕಲ್ಲು ಕ್ವಾರಿಗಳ ಅಕ್ಕಪಕ್ಕದ ಊರಿನವರಿಗೆ: 2021ರ ಫೆಬ್ರವರಿ 23ರಂದು ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಜನ ಸತ್ತರು. ಪೊದೆಯಲ್ಲಿ, ಹಳ್ಳದಲ್ಲಿ ಕಡ್ಡಿಯಂಥ ಪೊಟ್ಟಣ, ವೈರು ಇರುವ ಲೋಹದ ಕೊಳವೆ ಕಂಡರೆ ಮುಟ್ಟಬೇಡಿ, ಎತ್ತಬೇಡಿ. ಮಕ್ಕಳನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ.

ಅಂಗಡಿ, ರೀಲಿಂಗ್ ಘಟಕ, ತೋಟ

ನನ್ನ ಮಟ್ಟಿಗೆ ನೀರಿಗಿಂತ ಹೆಚ್ಚು ನೋವು ಕೊಟ್ಟದ್ದು ವಿಮೆ. ಅಂಗಡಿಗೆ ಪಾಲಿಸಿ ಇತ್ತು, ಕಂತೂ ಕಟ್ಟಿದ್ದೆ. ಆದರೆ ಪಾಲಿಸಿಯಲ್ಲಿದ್ದದ್ದು ನಾವು ಮೂರು ವರ್ಷದ ಹಿಂದೆ ಬಿಟ್ಟುಬಂದ ಅಂಗಡಿಯ ವಿಳಾಸ. ಸಾಲ ಕೊಟ್ಟವರು ಅದನ್ನೇ ನವೀಕರಿಸುತ್ತಾ ಬಂದಿದ್ದರು, ನಾನೂ ತೆಗೆದು ನೋಡಿರಲಿಲ್ಲ. ಒಂದು ರೂಪಾಯಿ ಬರಲಿಲ್ಲ. ಆದ್ದರಿಂದ ಇವತ್ತೇ ಪಾಲಿಸಿ ತೆಗೆದು ಮೂರು ಸಾಲು ನೋಡಿ: ವಿಳಾಸ, ಸರಕಿನ ಮೌಲ್ಯ, ಪ್ರವಾಹದ ರಕ್ಷಣೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಮನೆಗೆ 'ಭಾರತ್ ಗೃಹ ರಕ್ಷಾ', 5 ಕೋಟಿವರೆಗಿನ ಆಸ್ತಿಯ ಸಣ್ಣ ಉದ್ಯಮಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿಗಳಿವೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ ಅವುಗಳಲ್ಲಿ ಸೇರಿವೆ. ಮನೆಯ ದುಡಿಯುವವರಿಗೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ (ಅಪಘಾತ ವಿಮೆ), 436 ರೂಪಾಯಿಯ ಜೀವನ ಜ್ಯೋತಿ (ಜೀವ ವಿಮೆ), ಎರಡೂ ಬ್ಯಾಂಕಿನಲ್ಲೇ ಸಿಗುತ್ತವೆ. ಎರಡರಲ್ಲೂ 2 ಲಕ್ಷದ ರಕ್ಷಣೆ.

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ ನೆಲ ಯಾವಾಗಲೂ ಒದ್ದೆ, ಪಕ್ಕದಲ್ಲೇ ಮೋಟಾರು, ಬೆಂಕಿ, ಸೌದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆರುವ ಸ್ವಿಚ್ಚು) ಹಾಕಿಸದೆ ಅಲ್ಲಿ ಒಬ್ಬ ಆಳನ್ನೂ ನಿಲ್ಲಿಸಬಾರದು ಎಂದು ನನ್ನ ಖಂಡಿತ ಅಭಿಪ್ರಾಯ. ಸೌದೆ ರಾಶಿ ಒಲೆಯಿಂದ ದೂರ, ನೂಲಿನ ಕೋಣೆ ಇನ್ನೂ ದೂರ ಇರಲಿ. ಪುಡಿ ತುಂಬಿದ ಎಬಿಸಿ ಬೆಂಕಿ ನಂದಕ ಬಾಗಿಲ ಬಳಿ ಇರಲಿ, ಒಲೆಯ ಹಿಂದೆ ಅಲ್ಲ. ತಿಂಗಳಿಗೊಮ್ಮೆ ಅದರ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ, ಅದರ ಹೊಗೆಯಲ್ಲಿರುವ ವಿಷಾನಿಲ ವಾಸನೆ ತೋರದೆ ಕೊಲ್ಲುತ್ತದೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂತಿರುತ್ತದೆ.

ದ್ರಾಕ್ಷಿ, ಟೊಮೆಟೊ ಬೆಳೆದವರಿಗೆ ಆಲಿಕಲ್ಲೇ ವಿಪತ್ತು. ಬೆಳೆ ವಿಮೆ ಮಾಡಿಸಿದ್ದು, ಆಲಿಕಲ್ಲಿನಂಥ ಸ್ಥಳೀಯ ವಿಕೋಪಕ್ಕೆ ಅದರಲ್ಲಿ ರಕ್ಷಣೆ ಇದ್ದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು. ತಡವಾದರೆ ಹಕ್ಕು ಹೋಗುತ್ತದೆ.

ಗೋಡೆ ಮೇಲೆ ಬರೆಯಬೇಕಾದ ನಂಬರ್‌ಗಳು

ಫೋನ್ ಒದ್ದೆಯಾದರೆ ಅದರೊಳಗಿನ ನಂಬರೂ ಹೋಯಿತು. ಸ್ವಿಚ್ ಬೋರ್ಡಿನ ಪಕ್ಕ ಬಣ್ಣದಲ್ಲಿ ಬರೆಯಿಸಿ: ಯಾವುದೇ ತುರ್ತಿಗೆ 112, ಆಂಬುಲೆನ್ಸ್ 108, ಅಗ್ನಿಶಾಮಕ 101, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಬೆಸ್ಕಾಂ 1912, ಗ್ಯಾಸ್ 1906, ದನಕರುಗಳಿಗೆ 1962. ಕರೆಂಟಿನ ತಂತಿ ಕಡಿದು ಬಿದ್ದಿದ್ದರೆ 1912ಕ್ಕೆ ಹೇಳಿ, ಅವರು ಬರುವವರೆಗೆ ಯಾರೂ ಅತ್ತ ಸುಳಿಯದಂತೆ ಒಬ್ಬರು ದೂರದಲ್ಲಿ ಕಾವಲು ನಿಲ್ಲಿ.

ನೀರು ಇಳಿದ ಮೇಲೆ

ಒಳಗೆ ಕಾಲಿಡುವ ಮುಂಚೆ ಮೈನ್ ಸ್ವಿಚ್ ಆರಿಸಿ. ಅದನ್ನು ಮುಟ್ಟಲು ನೀರಿನಲ್ಲೇ ನಿಲ್ಲಬೇಕಾದರೆ ಲೈನ್‌ಮನ್ ಬರಲಿ. ಗುಡಿಸುವ ಆತುರ ಬೇಡ. ಮೊದಲು ನಾಲ್ಕೂ ಮೂಲೆಯಿಂದ ಫೋಟೋ ತೆಗೆಯಿರಿ, ಗೋಡೆಯ ಮೇಲಿನ ನೀರಿನ ಗುರುತಿನ ಪಕ್ಕ ಒಂದು ಸ್ಕೇಲು ಹಿಡಿದು ಇನ್ನೊಂದು. ಮನೆ ಬಿದ್ದಿದ್ದರೆ ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವವರೆಗೆ ಮಣ್ಣು ತೆಗೆಯಬೇಡಿ. ಹಾನಿ ಎಷ್ಟು ಪಾಲು ಎಂಬುದರ ಮೇಲೆ ಪರಿಹಾರದ ವರ್ಗ ನಿಂತಿದೆ, ಅದಕ್ಕೆ ಆ ನೋಟವೇ ಆಧಾರ. ಹಸು, ಕುರಿ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆಯ ವರದಿ ಪಡೆಯಿರಿ. ಸಿಡಿಲಿಗೆ ಮನುಷ್ಯರು ಬಲಿಯಾದರೂ ಪೊಲೀಸ್ ದೂರು, ಮರಣೋತ್ತರ ವರದಿ ಎರಡೂ ಬೇಕು. ಆ ದುಃಖದಲ್ಲಿ ಮನೆಯವರಿಗೆ ಇದು ಹೊಳೆಯದು, ಪಕ್ಕದ ಮನೆಯವರು ನೆನಪಿಸಿ. ಅರ್ಜಿ ಕೊಟ್ಟ ಕಡೆಯಲ್ಲೆಲ್ಲ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಾವು ಈಗ ಈ ಕೆಲಸಗಳನ್ನೆಲ್ಲ ಆಯುಧಪೂಜೆಗೆ ಕಟ್ಟಿಕೊಂಡಿದ್ದೇವೆ. ಹೇಗೂ ಅವತ್ತು ಅಂಗಡಿಯ ಸಾಮಾನೆಲ್ಲ ಹೊರಗೆ ಬರುತ್ತದೆ, ಬಹುಪಾಲು ವರ್ಷ ಸ್ವಾತಿ, ವಿಶಾಖ ಮಳೆ ಇನ್ನೂ ಮುಂದಿರುತ್ತದೆ. ನಂದಕದ ಮುಳ್ಳು ನೋಡಿ, ಕ್ಯಾನು ತೊಳೆದು, ಮಾತ್ರೆಗಳ ತಾರೀಕು ನೋಡಿ, ಪಾಲಿಸಿ ಓದಿ, ಸಾಲದ ಪುಸ್ತಕದ ಪ್ರತಿ ಹಾಳೆಯನ್ನೂ ಮಗಳು ಫೋಟೋ ತೆಗೆಯುತ್ತಾಳೆ. 2021ರಲ್ಲಿ ನೀರು ನಿಂತ ಗುರುತು ಗೋಡೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿತ್ತು. ಬಣ್ಣ ಹೊಡೆಸಿದಾಗ ಅದನ್ನು ಅಳಿಸದೆ ಕೆಂಪು ಗೆರೆ ಮಾಡಿಸಿದೆ. ಕಡಪ ಕಲ್ಲಿನ ಹಲಗೆಗಳನ್ನು ಆ ಗೆರೆಗಿಂತ ಒಂದು ಗೇಣು ಮೇಲೆ ಕೂರಿಸಿದ್ದೇವೆ. ಉಪ್ಪಿನ ಮೂಟೆಯೂ ಈಗ ಅದರ ಮೇಲೆಯೇ ಇರುತ್ತದೆ.